ತ್ರಾಸಿಗೆ ಎರಡು ಟಿಕೆಟ್

ಹೊಸ ವರ್ಷದ ಬೆಳಿಗ್ಗೆ ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ಆರಾಧನೆ ಮುಗಿದ ಮೇಲೆ ಪಾಸ್ಟರು ಒಂದು ತಟ್ಟೆ ಹಿಡಿದುಕೊಂಡು ಚರ್ಚಿನ ಬಾಗಿಲಲ್ಲಿ ನಿಲ್ಲುತ್ತಾರೆ. ತಟ್ಟೆಯ ತುಂಬ ಮಗುಚಿಟ್ಟ ಸಣ್ಣ ಸಣ್ಣ ಕಾರ್ಡುಗಳು, ಒಂದೊಂದರಲ್ಲೂ ಬೈಬಲಿನ ಒಂದೊಂದು ವಾಕ್ಯ. ನೋಡದೆ ಒಂದನ್ನು ಎತ್ತಿಕೊಳ್ಳಬೇಕು. ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ವಾಗ್ದಾನ ಅದೇ ಎಂದು ನಂಬಿಕೆ. ಚೆನ್ನಾಗಿಲ್ಲ, ಬೇರೆ ಕೊಡಿ ಎನ್ನಲಿಕ್ಕಿಲ್ಲ. ಬ್ರಹ್ಮಾವರದ ನನ್ನ ತವರಿನಲ್ಲಿ ಅಮ್ಮ ಇಂಥ ಕಾರ್ಡುಗಳನ್ನು ಅಡುಗೆಮನೆಯ ಗೋಡೆಗೆ ವರ್ಷವಿಡೀ ಅಂಟಿಸಿಡುತ್ತಿದ್ದಳು. ಒಗ್ಗರಣೆ ಸಿಡಿದು ಅಕ್ಷರ ಮಾಸಿದರೂ ತೆಗೆಯುತ್ತಿರಲಿಲ್ಲ.

ಮಗಳು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ನಾನು ದೊಡ್ಡ ಆಸೆ ಇಟ್ಟುಕೊಂಡು ಹೋಗಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ, ನನ್ನ ಮಗಳ ಮಾತು. ರೋಗ ವಾಸಿಯಾಗುವ ವಾಕ್ಯ, ಬೇಡಿದ್ದು ಸಿಗುವ ವಾಕ್ಯ, ಅಂಥದ್ದೊಂದು ಬರಲಿ ಎಂದು ಆರಾಧನೆಯ ಉದ್ದಕ್ಕೂ ಬೇಡಿಕೊಂಡಿದ್ದೆ. ಕಾರ್ಡು ಎತ್ತಿ ತಿರುಗಿಸಿದರೆ ಏನಿರಬೇಕು? ನಿಮ್ಮ ಪರವಾಗಿ ಕಾದಾಡುವವನು ದೇವರು, ನೀವು ಸುಮ್ಮನಿರಿ, ಇಷ್ಟೇ. ನಮ್ಮನೆಯವರು ಹೆಗಲ ಮೇಲಿಂದ ಇಣುಕಿ ಓದಿ ಚರ್ಚಿನ ಮೆಟ್ಟಿಲಲ್ಲೇ ನಕ್ಕುಬಿಟ್ಟರು. ಗಂಗೊಳ್ಳಿಯ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಮನುಷ್ಯ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರಿಗೆ ಬಾರದೆ ನನಗೇ ಬಂತಲ್ಲ ಈ ಕಾರ್ಡು! ನನ್ನ ಪಿತ್ತ ನೆತ್ತಿಗೇರಿತು. ಹೊಸ ವರ್ಷದ ಮೊದಲ ದಿನವೇ ದೇವರು ನನ್ನ ಬಾಯಿ ಮುಚ್ಚಿಸಿದನಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ.

ನಮ್ಮ ಮನೆ ತ್ರಾಸಿಯಲ್ಲಿ, ಹೈವೇಯಿಂದ ಸ್ವಲ್ಪ ಒಳಗೆ. ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮಿಷನ್ನು. ಬ್ಲೌಸ್ ಹೊಲಿಯುತ್ತೇನೆ. ಮನೆಯಲ್ಲಿ ನಾವಿಬ್ಬರು, ಅತ್ತೆ, ಒಬ್ಬಳೇ ಮಗಳು. ಮಗಳಿಗೆ ಸಣ್ಣದರಿಂದಲೂ ಮಾತು ಸಿಕ್ಕಿಕೊಳ್ಳುತ್ತದೆ. ಶಬ್ದ ಬಾಯಿಯ ತನಕ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತಾಳೆ, ಕುತ್ತಿಗೆಯ ನರ ಉಬ್ಬುತ್ತದೆ. ಅದನ್ನು ನೋಡುವಾಗ ಹೆತ್ತ ಹೊಟ್ಟೆಗೆ ಏನಾಗುತ್ತದೆ ಎಂದು ಹೇಳಿ ಮುಗಿಸಲಿಕ್ಕಾಗುವುದಿಲ್ಲ. ಅತ್ತೆ ಜೇನಿನಲ್ಲಿ ಬಜೆ ತೇಯ್ದು ನಾಲಗೆಗೆ ಹಚ್ಚಿದರು. ಮಣಿಪಾಲಕ್ಕೂ ಕರೆದುಕೊಂಡು ಹೋದೆವು. ಅಲ್ಲಿ ಮಾತಿನ ತರಬೇತಿ ಕೊಡುವ ಮೇಡಂ, ಅವಳು ಹೇಳುವಾಗ ನೀವು ಕಾಯಿರಿ, ಶಬ್ದವನ್ನು ನೀವು ತುಂಬಿಸಬೇಡಿ ಎಂದು ಬಿಡಿಸಿ ಹೇಳಿದರು. ನಾವು ತಲೆಯಾಡಿಸಿ ಬಂದೆವು.

ಹೇಳುವುದು ಸುಲಭ ಮಾರಾಯ್ರೆ. ನಮ್ಮ ಊರಿನ ಮಾತು ಕೇಳಿದ್ದೀರಾ? ಬರುತ್ತೇನೆ ಎನ್ನಲು ಪುರಸೊತ್ತಿಲ್ಲದೆ ಬತ್ತೆ ಎನ್ನುವವರು ನಾವು. ಒಬ್ಬರು ಬಾಯಿ ತೆರೆದರೆ ಸಾಕು, ಎದುರಿದ್ದವರು ಉಳಿದದ್ದನ್ನು ತಾವೇ ಹೇಳಿ ಮುಗಿಸಿ, ಅಲ್ದಾ ಎಂದು ಕೇಳಿ, ಉತ್ತರವನ್ನೂ ತಾವೇ ಕೊಟ್ಟಿರುತ್ತಾರೆ. ಮೀನಿನವಳು, ಅಂಗಡಿಯವರು, ಅತ್ತೆ, ಎಲ್ಲರೂ ನನ್ನ ಮಗಳ ಬಾಯಿಗೆ ಶಬ್ದ ತುರುಕುವವರೇ. ಅದು ಪ್ರೀತಿ. ಕುತ್ತಿಗೆಯ ನರ ಉಬ್ಬುವುದನ್ನು ಯಾರು ನೋಡುತ್ತಾ ಕೂರುತ್ತಾರೆ? ನಾನಂತೂ ಎಲ್ಲರಿಗಿಂತ ಮುಂದು. ಅವಳು ನೀ ಎನ್ನುವುದರೊಳಗೆ ನೀರು ತಂದಿಟ್ಟಿರುತ್ತಿದ್ದೆ.

ಹಿಂದಿನ ಜೂನಿನಲ್ಲಿ ಎಂಟನೇ ಕ್ಲಾಸಿಗೆ ಅವಳನ್ನು ಕುಂದಾಪುರದ ಹೈಸ್ಕೂಲಿಗೆ ಸೇರಿಸಿದ್ದೆವು. ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು. ಸಂಜೆ ಬರುವುದು ತಡವಾಗುತ್ತಿತ್ತು. ಬಸ್ಸು ಸಿಗಲಿಲ್ಲವೇನೋ ಎಂದುಕೊಂಡು ನಾನೂ ಸುಮ್ಮನಿದ್ದೆ. ಹೊಸ ವರ್ಷ ಕಳೆದ ಕೆಲವೇ ದಿನಕ್ಕೆ, ಬ್ಲೌಸಿನ ಅಳತೆ ಕೊಡಲು ಮರವಂತೆಯಿಂದ ಬಂದ ಹೆಂಗಸೊಬ್ಬರು ಮಾತಿಗೆ ಮಾತು ಬಂದು ಕೇಳಿದರು, ನಿಮ್ಮ ಮಗಳಿಗೆ ನಮ್ಮೂರಲ್ಲಿ ಟ್ಯೂಷನ್ ಉಂಟಾ? ಸಂಜೆ ಹೊತ್ತು ಬೆನ್ನಿಗೆ ಬ್ಯಾಗು ಹಾಕಿಕೊಂಡು ಸಮುದ್ರದ ಬದಿಯಲ್ಲಿ ತ್ರಾಸಿ ಕಡೆಗೆ ನಡೆದುಕೊಂಡು ಹೋಗುವುದು ಕಾಣುತ್ತದಲ್ಲ.

ನನ್ನ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಕುಂದಾಪುರದಿಂದ ಬರುವಾಗ ಮೊದಲು ಸಿಗುವುದು ತ್ರಾಸಿ, ಆಮೇಲೆ ಮರವಂತೆ. ಮನೆಯ ಸ್ಟಾಪು ದಾಟಿ ಮುಂದೆ ಹೋಗಿ, ಲಾರಿಗಳು ಧಡಧಡನೆ ಓಡುವ ಹೈವೇಯಲ್ಲಿ ವಾಪಸು ನಡೆದು ಬರುವ ಹುಚ್ಚು ಯಾಕೆ? ಅವತ್ತು ಸಂಜೆ ಕೇಳಿದೆ. ಅವಳು ತಲೆ ತಗ್ಗಿಸಿದಳು. ನಾನು ಬಿಡಲಿಲ್ಲ. ಅವಳು ಬಿಕ್ಕುತ್ತಾ ತುಂಡು ತುಂಡಾಗಿ ಹೇಳಿದ್ದನ್ನು ಜೋಡಿಸಿದಾಗ ತಿಳಿದದ್ದು ಇಷ್ಟು. ತ್ರಾಸಿ ಎಂಬ ಶಬ್ದ ಅವಳ ಬಾಯಿಂದ ಹೊರಡುವುದಿಲ್ಲ. ಶಾಲೆಗೆ ಸೇರಿದ ಹೊಸತರಲ್ಲಿ ಸಂಜೆಯ ಬೈಂದೂರು ಬಸ್ಸಿನ ಕಂಡಕ್ಟರ್ ಅವಸರ ಮಾಡಿದಾಗ, ಸುಲಭಕ್ಕೆ ಬಂದ ಮರವಂತೆ ಎಂದುಬಿಟ್ಟಳು. ಅವತ್ತಿನಿಂದ ಆತ ಕೇಳದೆಯೇ ಮರವಂತೆ ಟಿಕೆಟ್ ಹರಿದು ಕೊಡುತ್ತಾನೆ. ಒಮ್ಮೆ ತ್ರಾಸಿಯಲ್ಲಿ ಇಳಿಯಲು ಎದ್ದಳಂತೆ. ನಿನ್ನ ಸ್ಟಾಪು ಇದಲ್ಲ ಎಂದು ಅವನು ಒಳ್ಳೆಯದಕ್ಕೇ ಕೂಗಿ ಕೂರಿಸಿದ. ಬಸ್ಸಿಡೀ ತಿರುಗಿ ನೋಡಿತು. ಆಮೇಲೆ ಎದ್ದಿಲ್ಲ.

ನಾಳೆಯೇ ಬಸ್ಸು ನಿಲ್ಲಿಸಿ ಕಂಡಕ್ಟರಿಗೆ ಗ್ರಹಚಾರ ಬಿಡಿಸುತ್ತೇನೆ ಎಂದೆ. ದಿನಾ ಸಂಜೆ ಕುಂದಾಪುರಕ್ಕೆ ಹೋಗಿ ನಾನೇ ಟಿಕೆಟ್ ತೆಗೆದು ಕರೆದುಕೊಂಡು ಬರುತ್ತೇನೆ ಎಂದೆ. ಮಗಳು ಇನ್ನೂ ಜೋರಾಗಿ ಅತ್ತಳು. ನಮ್ಮನೆಯವರು, ಅವಳಿಗೆ ಏನು ಬೇಕು ಎಂದು ಮೊದಲು ಕೇಳು ಮಾರಾಯ್ತಿ ಎಂದರು. ಕೇಳಿದರೆ ಅವಳು ಹೇಳಬೇಕಲ್ಲ? ಮಿಷನ್ನಿನ ಎದುರಿನ ಗೋಡೆಯಲ್ಲಿ ಗೊಣಗುತ್ತಲೇ ಅಂಟಿಸಿದ್ದ ಆ ಕಾರ್ಡು ನನ್ನನ್ನೇ ನೋಡುತ್ತಿತ್ತು, ನೀವು ಸುಮ್ಮನಿರಿ. ಮಗಳು ಹೈವೇಯಲ್ಲಿ ನಡೆಯುವಾಗ ತಾಯಿ ಸುಮ್ಮನಿರುವುದು ಹೇಗೆ? ಕಾರ್ಡನ್ನು ಕಿತ್ತು ಗೋಡೆಯ ಕಡೆಗೆ ಮುಖ ಮಾಡಿ ಅಂಟಿಸಿದೆ. ದೇವರ ಮೇಲೆ ಸಿಟ್ಟು ಬಂದರೆ ನಾನು ತೋರಿಸಿಯೇ ತೋರಿಸುತ್ತೇನೆ.

ಆ ದಿನಗಳಲ್ಲಿ ನನಗೆ ಪ್ರಾರ್ಥನೆಯೂ ಬರುತ್ತಿರಲಿಲ್ಲ. ಕಂಡಕ್ಟರಿಗೆ ನಾನೇ ಹೋಗಿ ಹೇಳಿದರೆ ಇವಳು ಮತ್ತೆಂದೂ ಬಾಯಿ ತೆರೆಯಲಿಕ್ಕಿಲ್ಲ ಎಂಬುದು ಸಿಟ್ಟು ಇಳಿದ ಮೇಲೆ ನನಗೂ ಗೊತ್ತಾಗಿತ್ತು. ಹೇಳದಿದ್ದರೆ ನಡೆಯುವುದು ತಪ್ಪುವುದಿಲ್ಲ. ಒಂದೊಂದು ಸಂಜೆಯೂ ಅವಳು ಅಂಗಳಕ್ಕೆ ಕಾಲಿಡುವ ತನಕ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ.

ಮದುವೆಗಳ ಕಾಲ ಬಂತು. ಬ್ಲೌಸಿನ ರಾಶಿ. ಒಂದು ಭಾನುವಾರ ಮಧ್ಯಾಹ್ನ ಮದುಮಗಳ ಬ್ಲೌಸಿನ ತೋಳು ಕೂರಿಸುತ್ತಿದ್ದೆ. ಎರಡು ಕೈಯಲ್ಲೂ ಬಟ್ಟೆ, ತುಟಿಗಳ ನಡುವೆ ಕಚ್ಚಿಕೊಂಡ ಗುಂಡುಸೂಜಿಗಳು. ಹೊಲಿಯುವವರೆಲ್ಲ ಹೀಗೇ, ಕೈ ಖಾಲಿ ಇಲ್ಲದಿದ್ದರೆ ಬಾಯೇ ಡಬ್ಬಿ. ಸಂಡೇ ಸ್ಕೂಲಿನಿಂದ ಬಂದ ಮಗಳು ಗೋಡೆಯ ಹತ್ತಿರ ನಿಂತು ಮಗುಚಿದ್ದ ಕಾರ್ಡನ್ನು ಬಿಡಿಸಿದಳು. ಓದಿದಳು. ಏನೋ ಹೇಳಲು ಹೊರಟು ಸಿಕ್ಕಿಕೊಂಡಳು. ನನಗೆ ಎಂದಿನಂತೆ ಬಾಯಿ ಹಾಕುವ ಹಾಗಿಲ್ಲ, ಹಾಕಿದರೆ ಸೂಜಿ ಗಂಟಲಿಗೇ. ಉಗುಳಿದರೆ ಮದುಮಗಳ ರೇಷ್ಮೆಯ ಮೇಲೆ. ಸುಮ್ಮನೆ ಅವಳ ಮುಖ ನೋಡುತ್ತಾ ಕೂತೆ.

"ಅಮ್ಮ, ಇದನ್ನ್ ಹೇಳಿದ್ದ್... ಮೋ... ಮೋಶೆ," ಎಂದಳು. ನಾನು ತಲೆಯಾಡಿಸಿದೆ. ಅವಳು ನಿಂತಳು. ನಾನು ಏನೂ ಹೇಳಲಿಲ್ಲ ಎಂದು ಅವಳಿಗೇ ಆಶ್ಚರ್ಯವಾಗಿರಬೇಕು. ಉಸಿರೆಳೆದುಕೊಂಡು ಮತ್ತೆ ಶುರು ಮಾಡಿದಳು. "ಅವ್ನಿಗೂ ನನ್ನಂಗೇ ಮಾತ್ ಸಿಕ್ಕುತಿತ್ತ್. ಎಲ್ಲರೂ ಅವ್ನ ಮೇಲೆ ಕೂಗುತಿದ್ರ್. ಅದ್ಕೇ ಅವ ಹೇಳ್ದ, ನೀವ್ ಸುಮ್ನಿರಿ ಅಂದೇಳಿ."

ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನಡುವೆ ಎಷ್ಟೋ ಕಡೆ ನಿಂತಳು, ಕಣ್ಣು ಮುಚ್ಚಿದಳು, ನರ ಉಬ್ಬಿತು. ಆದರೆ ಪ್ರತಿ ಸಲವೂ ಶಬ್ದ ಬಂತು. ಬಂದೇ ಬಂತು! ಹುಟ್ಟಿದಾರಭ್ಯ ನನ್ನ ಮಗಳು ಇಷ್ಟು ಉದ್ದದ ಮಾತನ್ನು ಆರಂಭದಿಂದ ಕೊನೆಯ ತನಕ ತಾನೇ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದೆ. ಆಮೇಲೆ ಅವಳನ್ನು ಅಪ್ಪಿಕೊಂಡು ಚೆನ್ನಾಗಿ ಅತ್ತೆ.

ಸಂಜೆ ಬೈಬಲ್ ತೆಗೆದು ಕೂತೆ. ಸಣ್ಣವಳಿದ್ದಾಗಿಂದ ಕೇಳಿದ ಕಥೆ, ಆದರೆ ಈ ಎರಡು ತುದಿಗಳನ್ನು ನಾನು ಜೋಡಿಸಿಯೇ ಇರಲಿಲ್ಲ. ಮೊದಲು ಮೋಶೆ, ಗುಲಾಮರಾದ ತನ್ನ ಜನರನ್ನು ಬಿಡಿಸಿಕೊಂಡು ಬಾ ಎಂದ ದೇವರ ಎದುರು ನಿಂತು, ನನ್ನ ನಾಲಗೆ ಮಂದ, ನನ್ನಿಂದಾಗದು, ಬೇರೆ ಯಾರನ್ನಾದರೂ ಕಳಿಸು ಎಂದು ಗೋಗರೆಯುತ್ತಾನೆ. ಬಾಯಿ ಕೊಟ್ಟವನು ನಾನಲ್ಲವೇ, ನಾನೇ ಅದರ ಜೊತೆ ಇರುತ್ತೇನೆ ಎನ್ನುತ್ತಾನೆ ದೇವರು. ಮೋಶೆ ಮತ್ತೂ ಹಟ ಮಾಡಿದಾಗ ದೇವರಿಗೂ ಸಿಟ್ಟು ಬರುತ್ತದೆ. ಅದನ್ನು ಓದಿ ನನಗೆ ಎಷ್ಟು ಸಮಾಧಾನವಾಯಿತು! ಕೆಲವು ಅಧ್ಯಾಯ ದಾಟಿದರೆ ಅದೇ ಮನುಷ್ಯ ಸಮುದ್ರದ ದಡದಲ್ಲಿದ್ದಾನೆ. ಎದುರು ನೀರು, ಹಿಂದೆ ಅಟ್ಟಿಸಿಕೊಂಡು ಬಂದ ರಾಜನ ಸೈನ್ಯ, ನಡುವೆ ಅವನು ಬಿಡಿಸಿ ತಂದ, ಬೊಬ್ಬೆ ಹೊಡೆಯುವ ಜನ. ಅಷ್ಟೂ ಜನರ ಎದುರು ನಿಂತು ನೀವು ಸುಮ್ಮನಿರಿ ಎಂದವನು ಮಾತು ಬಾರದವನು. ಆ ಕಾರ್ಡು ನನ್ನನ್ನು ಗದರಿಸಲು ಬಂದದ್ದಲ್ಲ. ಅದು ನನ್ನ ಮಗಳಂಥವನ ಮಾತು. ಬೈಬಲನ್ನು ಎದೆಗೊತ್ತಿಕೊಂಡು ನಕ್ಕೆ. ಅತ್ತೆ ಇಣುಕಿ ನೋಡಿ ಹೋದರು.

ಕಾರ್ಡು ಮತ್ತೆ ಮುಖ ಈಚೆ ಮಾಡಿ ಗೋಡೆಗೇರಿತು. ಅವಳು ಮಾತಿಗೆ ಬಂದಾಗೆಲ್ಲ ನಾನು ಸೂಜಿ ಕಚ್ಚಿಕೊಳ್ಳುತ್ತಿದ್ದೆ, ಹೊಲಿಗೆ ಇರಲಿ ಇಲ್ಲದಿರಲಿ. ನಮ್ಮನೆಯವರು ನೋಡಿ, ಈ ಉಪಾಯ ಮದುವೆಯಾದ ಹೊಸತರಲ್ಲೇ ಹೊಳೆಯಬಾರದಿತ್ತಾ ಎಂದರು. ಎಲ್ಲ ದಿನವೂ ಹಬ್ಬವಾಗಿರಲಿಲ್ಲ. ಶಾಲೆಯಲ್ಲಿ ಪಾಠ ಓದಲಾಗದೆ ಕೂತು ಬಂದ ದಿನಗಳಿದ್ದವು. ಸಂಜೆಯ ನಡಿಗೆ ಆಗಲೂ ನಿಂತಿರಲಿಲ್ಲ. ಆದರೆ ಬಂದವಳು ಹೇಳುತ್ತಿದ್ದಳು. ಇಂದು ಯಾರು ಸಿಕ್ಕರು, ಅಲೆ ಹೇಗಿತ್ತು, ದೋಣಿ ಎಷ್ಟು ದೂರದಲ್ಲಿತ್ತು, ಎಲ್ಲ ಹೇಳುತ್ತಿದ್ದಳು. ಮನಸ್ಸಿಗೆ ಕತ್ತಲು ಕವಿದ ದಿನ ಆ ಸಮುದ್ರದ ವಾಕ್ಯವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಸಮುದ್ರ ಹೇಗೂ ನಮ್ಮ ಹಿತ್ತಲಿಗೆ ಕೇಳಿಸುವಷ್ಟು ಹತ್ತಿರ.

ಒಂಬತ್ತನೇ ಕ್ಲಾಸಿನ ಒಂದು ಸಂಜೆ. ಲೈನಿಂಗ್ ಬಟ್ಟೆ, ನೂಲು, ಒಂದು ಡಬ್ಬಿ ಗುಂಡುಸೂಜಿ ತರಲು ನಾನು ಕುಂದಾಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮಗಳು ಸಿಕ್ಕಿದಳು. ಇಬ್ಬರೂ ಅದೇ ಬೈಂದೂರು ಬಸ್ಸು ಹತ್ತಿದೆವು, ಅದೇ ಕಂಡಕ್ಟರು. ನಾನು ಪರ್ಸಿಗೆ ಕೈ ಹಾಕುವಷ್ಟರಲ್ಲಿ ಮಗಳು ನನ್ನ ಕೈ ಹಿಡಿದಳು. ಅವಳ ಅಂಗೈ ಬೆವರಿತ್ತು. ಕಂಡಕ್ಟರು ಬಂದು, "ಎಂತ ತಂಗಿ, ಮರವಂತೆ ಅಲ್ದಾ?" ಎಂದ.

ಅವಳು ಇಲ್ಲ ಎಂದು ತಲೆಯಾಡಿಸಿದಳು. ಬಾಯಿ ತೆರೆದಳು. ನಿಂತಿತು. ಬಸ್ಸು ಗಲಗಲ ಎನ್ನುತ್ತಿತ್ತು. ಹಿಂದಿನ ಸೀಟಿನ ಹೆಂಗಸು, ಹೆಮ್ಮಾಡಿಯಾ, ಮುಳ್ಳಿಕಟ್ಟೆಯಾ ಎಂದು ದಾರಿಯ ಸ್ಟಾಪುಗಳ ಹೆಸರು ಹೇಳಿ ಸಹಾಯಕ್ಕೆ ಬಂದಳು. ನಾನು ತಿರುಗಿ ನೋಡಿದ ನೋಟಕ್ಕೆ ಅವಳು ಅಲ್ಲಿಗೇ ನಿಲ್ಲಿಸಿದಳು. ಕಂಡಕ್ಟರು ನನ್ನ ಮುಖ ನೋಡಿದ, ನೀವಾದರೂ ಹೇಳಿ ಎನ್ನುವಂತೆ. ಆ ಶಬ್ದ ನನ್ನ ನಾಲಗೆಯ ತುದಿಯಲ್ಲಿ ಕುದಿಯುತ್ತಿತ್ತು. ಚೀಲದೊಳಗಿನ ಸೂಜಿಯ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡು ಕಿಟಕಿಯ ಆಚೆ ನೋಡಿದೆ. ದೇವರೇ, ನಾನು ಸುಮ್ಮನಿದ್ದೇನೆ, ನೀನು ಸುಮ್ಮನಿರಬೇಡ ಎಂದು ಒಳಗೇ ಹೇಳಿಕೊಂಡೆ.

"ತ್... ತ್... ತ್ರಾಸಿ," ಎಂದಳು ನನ್ನ ಮಗಳು. "ಎರಡ್."

ಕಂಡಕ್ಟರು ಹುಬ್ಬೇರಿಸಿ, ಇಷ್ಟು ದಿನ ಮರವಂತೆಗೆ ಹೋಗುತ್ತಿದ್ದದ್ದು ಯಾಕೆ ಎಂದು ಕೇಳಿದ. ಅವಳು ಅದಕ್ಕೂ ಉತ್ತರ ಕೊಟ್ಟಳು, ನಿಧಾನಕ್ಕೆ, ತಲೆ ಎತ್ತಿ. "ನೀವ್ ಕೇಳ್ದೇ ಟಿಕೆಟ್ ಕೊಡ್ತಿದ್ರಿ. ನಮ್ಮನಿ ಇಪ್ಪುದ್ ತ್... ತ್ರಾಸಿಯಲ್ಲ್." ಆತ ಎರಡು ಟಿಕೆಟ್ ಹರಿದು ಕೊಟ್ಟ. ತ್ರಾಸಿ ಬಂದಾಗ ಎಲ್ಲರಿಗಿಂತ ಮೊದಲು ಎದ್ದವಳು ಅವಳು. ಇಳಿದು ನಿಂತು, ಮರವಂತೆಯ ಕಡೆಗೆ ಹೋಗುವ ಬಸ್ಸನ್ನು ನೋಡಿ ಜೋರಾಗಿ ನಕ್ಕಳು. ನನಗೆ ರಸ್ತೆಯಲ್ಲೇ ಹಲ್ಲೆಲೂಯಾ ಎಂದು ಕೂಗಬೇಕೆನಿಸಿತು. ಕೂಗಿಯೂಬಿಟ್ಟೆ. ಎಳನೀರಿನವನು ತಲೆ ಎತ್ತಿ ನೋಡಿದ. ನೋಡಲಿ!

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಇಬ್ಬರೂ ಒಟ್ಟಿಗೇ ಬಂದದ್ದು ಹೇಗೆ, ಮುಖ ಯಾಕೆ ಹೀಗೆ ಅರಳಿದೆ ಎಂದು ವಿಚಾರಿಸಿದರು. ಹೇಳಲು ನನ್ನ ಬಾಯಿ ತುರಿಸುತ್ತಿತ್ತು. ಅತ್ತೆ, ಇವತ್ತು ಎಂತ ಆಯ್ತ್ ಗೊತ್ತಿತ್ತಾ ಎಂದು ಶುರು ಮಾಡಿಯೇಬಿಟ್ಟೆ.

"ಅಮ್ಮ, ನೀ ಸುಮ್ನಿರ್," ಎಂದಳು ಮಗಳು. "ನಾ ಹೇಳ್ತೆ."

ಬ್ಯಾಗು ಇಳಿಸಿ ಅಜ್ಜಿಯ ಎದುರು ಕೂತು ಹೇಳತೊಡಗಿದಳು. ಬಸ್ಸು ಹತ್ತಿದ್ದು, ಕಂಡಕ್ಟರು ಬಂದದ್ದು. ಊರಿನ ಹೆಸರಿಗೆ ಬಂದಾಗ ಮತ್ತೆ ಸಿಕ್ಕಿಕೊಂಡಳು. ಅತ್ತೆಯ ತುಟಿ ಶಬ್ದ ಕೊಡಲು ಅಲುಗಾಡಿತು. ನಾನು ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ. ಅವರು ನನ್ನನ್ನು ನೋಡಿ ಬಾಯಿ ಮುಚ್ಚಿದರು. ನಾವಿಬ್ಬರೂ ಕಾದೆವು. ಮಗಳು ಅವಸರವಿಲ್ಲದೆ, ಕೊನೆಯ ತನಕ, ತಾನೇ ಹೇಳಿ ಮುಗಿಸಿದಳು.