ಸೋಮ ಹೊತ್ತ ಕತ್ತು

ನನ್ನ ದೊಡ್ಡಪ್ಪನ ಕತ್ತು ಹಾಳಾದದ್ದಕ್ಕೆ ಊರಿನ ಯಜಮಾನರಾದ ನೀವೇ ಹೊಣೆ. ಕತ್ತಿನ ಮೂಳೆ ಸವೆದಿದೆ, ಇನ್ನು ತಲೆಯ ಮೇಲೆ ಭಾರ ಹೊತ್ತರೆ ಬಲಗೈ ಪೂರ್ತಿ ಬಿದ್ದುಹೋದೀತು ಎಂದು ಮಧುಗಿರಿಯ ಡಾಕ್ಟರು ಹೇಳಿದ್ದು ನಿಮಗೆ ತಿಳಿದಿತ್ತು. ತಿಳಿದೂ ಹಬ್ಬಕ್ಕೆ ಕುಣಿಯಲು ಕರೆಯುವ ವೀಳ್ಯ ಕಳಿಸಿದಿರಿ.

ಕೊಡಿಗೇನಹಳ್ಳಿ ಕಡೆಯ ನಮ್ಮೂರಿನಲ್ಲಿ ಅಮ್ಮನ ಹಬ್ಬಕ್ಕೆ ಸೋಮ ಹೊತ್ತು ಕುಣಿಯುವುದು ನಮ್ಮ ಕೇರಿಯ ಒಂದೇ ಮನೆಗೆ, ದೊಡ್ಡಪ್ಪನ ಮನೆಗೆ, ಸೇರಿದ್ದು. ಸೋಮ ಎಂದರೆ ದೇವಿಯ ಕಾವಲುಗಾರನ ಮರದ ಮುಖ. ಕೆಂಪು ಬಣ್ಣ, ಹೊರಚಾಚಿದ ಕಣ್ಣು, ಮೇಲೆ ಸೀರೆ ಸುತ್ತಿದ ಬಿದಿರಿನ ಚೌಕಟ್ಟು. ಭಾರವೆಲ್ಲ ಕುಣಿಯುವವನ ನೆತ್ತಿಗೆ. ಹೊರುವವನು ತಾನಾಗಿ ‘ಒಲ್ಲೆ’ ಎನ್ನುವವರೆಗೆ ಅದನ್ನು ಅವನ ಮಗನೂ ಮುಟ್ಟುವಂತಿಲ್ಲ. ದೊಡ್ಡಪ್ಪನ ಮಗ ಶಿರಾದಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದ. ಹೆಜ್ಜೆ ಬಲ್ಲವನು, ಕರೆದರೆ ಬರುವವನು.

ಇದು ಮೂರು ವರ್ಷದ ಹಿಂದಿನ, ಎಂಬತ್ತೆರಡರ ಮಾತು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಊರಿಗೆ ಬಂದಾಗ ದೊಡ್ಡಪ್ಪ ಎಡಗೈಯಿಂದ ಬಲಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದ ತಟ್ಟೆಯಲ್ಲಿ ನಿಮ್ಮ ಎಲೆ ಅಡಿಕೆ. ಒಲ್ಲೆ ಎನ್ನು, ಇದು ದುಡಿಮೆಯಲ್ಲ ಜೀತ ಎಂದು ನಾನು ಬಹಳ ಹೊತ್ತು ವಾದಿಸಿದೆ. ಆತ ಪೂರ್ತಿ ಕೇಳಿಸಿಕೊಂಡ.

“ವೀಳ್ಯ ತಿರುಗಿಸಿದ್ರೆ ಯಜಮಾನ್ರ ಮುಖಕ್ಕೆ ಹೊಡ್ದಂಗೆ ಕಣಮ್ಮ. ಹೆಂಗೆ ಒಲ್ಲೆ ಅನ್ಲಿ?”

ಹಾಗಾದರೆ ಕಳಿಸುವುದನ್ನೇ ನಿಲ್ಲಿಸಬೇಕೆಂದು ನಿಮ್ಮ ಅಂಗಳಕ್ಕೆ ಬಂದೆ. ಜಗಲಿ ಹತ್ತು ಎಂದು ಯಾರೂ ಅನ್ನಲಿಲ್ಲ; ಆದರೂ ಮಾತಿನಲ್ಲಿ ಒರಟುತನವಿರಲಿಲ್ಲ. ನಿಮ್ಮಲ್ಲಿ ಹಿರಿಯರಾದವರು ಹೇಳಿದರು: “ವೀಳ್ಯ ಕಳುಸ್ದೆ ಇದ್ರೆ ಅವ್ನು ಬದುಕಿದ್ದಂಗೇ ಸತ್ತ ಅಂತ ನಾವೇ ಸಾರಿದಂಗೆ. ಅಂಥ ಅವಮಾನ ನಾವು ಮಾಡಾಕಿಲ್ಲ. ಓದ್ಬುಟ್ರೆ ಇದೆಲ್ಲ ತಿಳಿಯಲ್ಲ ಕಣಮ್ಮ.”

ನಿಮ್ಮ ಮಾನ ಕಾಯಲು ಆತ ಒಪ್ಪುತ್ತಾನೆ. ಆತನ ಮಾನ ಕಾಯಲು ನೀವು ಕಳಿಸುತ್ತೀರಿ. ನಡುವೆ ಸವೆಯುವ ಮೂಳೆ ಯಾರ ಲೆಕ್ಕಕ್ಕೆ ಸೇರಿದ್ದು? ಕೇರಿಗೆ ಮರಳುವ ದಾರಿಯಲ್ಲಿ ನನ್ನ ಸಿಟ್ಟನ್ನು ಯಾವ ಮನೆಯ ಬಾಗಿಲಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ.

ಹಬ್ಬದ ದಿನ ಆತನ ತಲೆಗೆ ಬಟ್ಟೆಯ ಸಿಂಬಿ ಕಟ್ಟಿದವಳು ನಾನೇ. ಇನ್ನೂ ಬಿಗಿ ಮಾಡು ಎಂದ. ಅರೆ ವಾದ್ಯದ ಬಡಿತ ಏರಿತು. ಬೆಳಿಗ್ಗೆ ನೀರಿನ ಲೋಟ ಎತ್ತಲಾರದ ಕೈ ಸೋಮನ ಕತ್ತಿಯನ್ನು ನೆತ್ತಿಗಿಂತ ಮೇಲೆ ಹಿಡಿದಿತ್ತು. ಕಾಲು ನೆಲಕ್ಕೆ ಬಿದ್ದಲ್ಲೆಲ್ಲ ಧೂಳೇಳುತ್ತಿತ್ತು. ನಾನು ಹೆದರಿದ್ದೆ, ಅಷ್ಟೇ ಅಲ್ಲ, ಹಿಗ್ಗಿಯೂ ಇದ್ದೆ. ಆ ಹಿಗ್ಗು ನನಗೆ ಇಂದಿಗೂ ಅರ್ಥವಾಗಿಲ್ಲ.

ಸೋಮ ಇಳಿಸಿದಾಗ ಆತನ ಮುಖ ತೊಯ್ದಿತ್ತು, ಬೆವರೋ ಕಣ್ಣೀರೋ. ಮುದ್ದೆ ಮುರಿಯಲು ಬೆರಳು ಮಡಿಯದೆ ದೊಡ್ಡಮ್ಮ ತುತ್ತು ಮಾಡಿ ಬಾಯಿಗಿಟ್ಟಳು. ಯಾಕೆ ಹೊರುತ್ತೀಯ ದೊಡ್ಡಪ್ಪ ಎಂದು ಕೇಳಿದೆ.

“ಸೋಮನ ಒಳಗಡೆ ಇದ್ದಾಗ ನೋವಿರಲ್ಲ ಕಣವ್ವ. ಇಳಿಸಿದ್ಮೇಲೇ ಬರೋದು,” ಎಂದ. ದೊಡ್ಡಮ್ಮ ಮುದ್ದೆಯ ಕೈಯಲ್ಲೇ ಅವನ ಭುಜಕ್ಕೊಂದು ತಿವಿದಳು: “ಅಂಗಾರೆ ಅದ್ರೊಳ್ಗೇ ಮಲಗು ಹೋಗು.”

ಆಮೇಲೆಯೂ ವೀಳ್ಯ ಬರುತ್ತಲೇ ಇದೆ, ಆತ ಕುಣಿಯುತ್ತಲೇ ಇದ್ದಾನೆ. ಕುಣಿತವನ್ನು ಕಿತ್ತುಕೊಂಡರೆ ಆತನಿಗೇನು ಉಳಿಯುತ್ತದೆಂದು ನನಗೆ ಗೊತ್ತಿಲ್ಲ. ಹೀಗೇ ಕುಣಿಯಲು ಬಿಟ್ಟರೆ ಕೈ ಉಳಿಯದೆಂಬುದಂತೂ ಗೊತ್ತು. ನನಗೆ ಗೊತ್ತಿಲ್ಲವೆಂಬ ಕಾರಣಕ್ಕೆ ನಿಮ್ಮ ಹೊಣೆ ಕಡಿಮೆಯಾಗುವುದಿಲ್ಲ.

ಆದ್ದರಿಂದ ಮಾನ್ಯ ಯಜಮಾನರಲ್ಲಿ ನನ್ನ ವಿನಂತಿ ಇದು. ಈ ಸಲ ವೀಳ್ಯಕ್ಕೆ ಮೊದಲು ನೀವೇ ನಮ್ಮ ಕೇರಿಗೆ ಬಂದು, ಕುಣಿಯುವ ಮನಸ್ಸಿದೆಯೇ ಎಂದು ದೊಡ್ಡಪ್ಪನನ್ನು ಕೇಳಬೇಕು; ಇಲ್ಲವೆಂದರೆ ಅದು ಅವಮಾನವಲ್ಲವೆಂದು ಊರೆದುರು ಸಾರಬೇಕು. ಇದೆ ಎಂದರೆ, ಒಂದು ಬೀದಿಯಲ್ಲಿ ಆತ, ಉಳಿದ ಬೀದಿಗಳಲ್ಲಿ ಮಗ ಸೋಮ ಹೊರಲು ಕಟ್ಟಳೆ ಸಡಿಲಿಸಬೇಕು. ಇದಾಗದು ಎಂಬುದಾದರೆ ಏಕೆ ಆಗದೆಂಬ ಉತ್ತರವನ್ನು ನನಗಲ್ಲ, ಆತನೆದುರು ಕೂತು ಆತನಿಗೇ ಕೊಡಬೇಕೆಂದು ಕೋರುತ್ತೇನೆ.