ನಾ ಅದೇನಿ, ತಗೀ

ಆಗಸ್ಟ್ ಹನ್ನೆರಡು, ಸಂಜೆ ಏಳು ಗಂಟೆ ಹತ್ತು ನಿಮಿಷ. ಆ ಹೊತ್ತಿನವರೆಗೂ ಇಂಥ ಅನುಭವ ಹೇಳುವವರನ್ನು ನಾನು ನಂಬಿದವನಲ್ಲ. "ಯಾವ ದಿನ? ಎಷ್ಟು ಗಂಟೆಗೆ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅದಕ್ಕೇ ನನ್ನ ದಿನ, ಗಂಟೆಯನ್ನು ಮೊದಲೇ ಬರೆದಿದ್ದೇನೆ.

ನಮ್ಮದು ಹುಕ್ಕೇರಿ ತಾಲ್ಲೂಕು, ಹಿಡಕಲ್ ಹತ್ತಿರದ ಮನೆ. ಅಪ್ಪ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ಸಂಜೆ ಬಂದವನೇ, ಕಾಲು ತೊಳೆಯುವ ಮೊದಲು, ಫೋನನ್ನು ಟಿವಿಗೆ ಜೋಡಿಸಿ ಆ ದಿನದ ಮೀನುಗಳ ಫೋಟೋ ತೋರಿಸಬೇಕು.

"ಟೀವ್ಯಾಗ ತಿಮಿಂಗಲ, ಬುಟ್ಯಾಗ ನೋಡಿದ್ರ ಬೆರಳಷ್ಟ ಐತಲ್ರಿ," ಎಂದು ಅವ್ವ ನಗುತ್ತಿದ್ದಳು.

"ಮೊದಲ ನನ್ನ ಒಳಗ ಕರಿ, ಆಮ್ಯಾಲ ಮೀನಾ ಅಳತಿ ಮಾಡು," ಎನ್ನುತ್ತಿದ್ದ ಅಪ್ಪ.

ಹೊಸ ಫೋನು ತನಗೊಂದು ಹೆಸರು ಕೊಡಿ ಎಂದಾಗ, ಅದು 'ನೀವು ಯಾರು' ಎಂದು ಕೇಳುತ್ತಿದೆ ಅಂದುಕೊಂಡ ಅಪ್ಪ. ನಮ್ಮ ಕಡೆ ಬಾಗಿಲು ಬಡಿದವರು ಹೆಸರು ಹೇಳುವುದಿಲ್ಲ; ನಾನೇ ಇದ್ದೇನೆ, ಬಾಗಿಲು ತೆಗೆ ಎನ್ನುತ್ತಾರೆ ಅಷ್ಟೇ. 'ನಾ ಅದೇನಿ, ತಗೀ' ಎಂದು ಬರೆದುಬಿಟ್ಟ. ಅಂದಿನಿಂದ ಜೋಡಿಸಿದಾಗಲೆಲ್ಲ ಟಿವಿಯ ಮೇಲೆ ಅದೇ ಮಾತು, ಕೆಳಗೆ 'ಅನುಮತಿಸು', 'ನಿರಾಕರಿಸು'. ಅವ್ವ ರಿಮೋಟ್ ಒತ್ತಿ ಒಳಗೆ ಕರೆಯುತ್ತಿದ್ದಳು.

ಮೇ ತಿಂಗಳಲ್ಲಿ ಅವನ ತೆಪ್ಪ ಮಗುಚಿತು. ಅಪ್ಪನ ದೇಹ ಮೂರನೆಯ ದಿನ ಸಿಕ್ಕಿತು. ಫೋನು ಸಿಗಲಿಲ್ಲ.

ಆಗಸ್ಟ್ ಹನ್ನೆರಡರ ಆ ಸಂಜೆ ಅವ್ವ ಧಾರಾವಾಹಿ ನೋಡುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಪರದೆಯ ಮೇಲೆ ಆ ಮಾತು ಬಂತು: ನಾ ಅದೇನಿ, ತಗೀ. ರಿಮೋಟ್ ಅವಳ ಮಡಿಲಲ್ಲೇ ಇತ್ತು.

"ಬಂದ್ನಿ, ತಡೀರಿ," ಎಂದು ಅವ್ವ ಎದ್ದಳು. ರಿಮೋಟ್ ಕೆಳಗೆ ಬಿತ್ತು. ಅವಳು ಹೋಗಿ ಮುಂಬಾಗಿಲ ಚಿಲಕ ತೆಗೆದಳು.

ಹೊರಗೆ ಯಾರೂ ಇರಲಿಲ್ಲ. ಅವಳು ತಿರುಗುವಷ್ಟರಲ್ಲಿ ಪರದೆಯ ಮೇಲಿನ ಅಕ್ಷರಗಳೂ ಹೋಗಿದ್ದವು.

"ಅಯ್ಯ, ಗುಂಡಿ ಒತ್ತಬೇಕಾಗಿತ್ತಲ್ಲೋ," ಎಂದಳು. "ನಾ ಬಾಗಲಾ ತಗದ್ನಿ."

ಮರುದಿನ ಓಣಿಯ ಫೋನುಗಳ ಹೆಸರನ್ನೆಲ್ಲ ಕೇಳಿ ನೋಡಿದೆ. ಆ ಹೆಸರಿನದು ಒಂದೂ ಇಲ್ಲ. ಗೋಕಾಕದ ಟಿವಿ ರಿಪೇರಿಯವರು, ಟಿವಿಯಲ್ಲಿ ಹಳೆಯ ಹೆಸರು ಉಳಿದಿರಬಹುದು ಎಂದರು. ಮೂಡಲಗಿಯ ರಿಪೇರಿಯವರು, ಹೆಸರು ಉಳಿದರೂ ಫೋನು ಹತ್ತಿರವಿಲ್ಲದೆ ಟಿವಿ ಅನುಮತಿ ಕೇಳಲಾರದು ಎಂದರು. ಎರಡನ್ನೂ ಬರೆದುಕೊಂಡಿದ್ದೇನೆ. ಯಾವುದನ್ನು ನಂಬಬೇಕೋ ತಿಳಿದಿಲ್ಲ.

ಅವ್ವ ಈಗ ಏಳಕ್ಕೆ ಟಿವಿ ಹಚ್ಚಿ, ಬಾಗಿಲನ್ನೂ ತೆರೆದಿಟ್ಟು, ರಿಮೋಟ್ ಹಿಡಿದು ಕೂರುತ್ತಾಳೆ. ಧಾರಾವಾಹಿಯಲ್ಲಿ ಏನಾಯಿತೆಂದು ಅವಳಿಗೆ ಗೊತ್ತಿರುವುದಿಲ್ಲ.

ಇದರ ಬಗ್ಗೆ ನನಗಿಂತ ಹೆಚ್ಚು ತಿಳಿದವರು ದಯವಿಟ್ಟು ಬರೆಯಿರಿ. ಒಮ್ಮೆ ಉತ್ತರ ಸಿಗದಿದ್ದರೆ ಅದು ಮತ್ತೆ ಕೇಳುತ್ತದೆಯೇ? ಅವ್ವನಿಗೆ ತಿಳಿಯಬೇಕಿರುವುದು ಅಷ್ಟೇ.