ಟ್ರ್ಯಾಕ್ಟರಿಗೂ ಸೋಮವಾರ

ಬಾರಿ ಕಂಟಿ, ಅಂದರೆ ಬೋರೆಯ ಮುಳ್ಳುಪೊದೆ, ಕಿತ್ತವರಿಗೆ ಗೊತ್ತು, ಅದು ಮೇಲೆ ಮೊಳಕಾಲುದ್ದ ಇದ್ದರೆ ನೆಲದೊಳಗೆ ಆಳುದ್ದ ಇರುತ್ತದೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಸಾಮಾನು ತರಿಸಿದೆನಲ್ಲ, ಅದೇ ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಬೆಳ್ಳಟ್ಟಿಯ ಪಕ್ಕದ ನಮ್ಮೂರಿನಲ್ಲಿ ನಮಗೆ ನಾಲ್ಕು ಎಕರೆ ಕಂಟಿ ಹೊಲವಿತ್ತು. ಸಂಸ್ಥಾನದ ಕಾಲದಲ್ಲಿ ಅದರ ಬದುವಿನ ಬಗ್ಗೆ ಏನೋ ತಕರಾರಿದ್ದು, ಯಾರೂ ಉಳದೆ ಬಿಟ್ಟು, ಬಾರಿ, ಜಾಲಿ ಬೆಳೆದು ನರಿಗಳ ವಾಸವಾಗಿತ್ತು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ನಾವು ಮುಂಬೈ ರಾಜ್ಯದವರಾದೆವು, ತಕರಾರೂ ಸತ್ತಿತು. ಕಂಟಿಗೆ ಮಾತ್ರ ಯಾವ ಸರ್ಕಾರ ಬಂದರೂ ಅಷ್ಟೆ.

ಆ ಹೊಲದ ಮೇಲೆ ಜೀವ ಇಟ್ಟುಕೊಂಡಿದ್ದವಳು ನನ್ನ ಅಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ಅಪ್ಪ ಮತ್ತು ಕಾಕಾ ಪಾಲಾಗುವ ಮಾತು ಬಂದಾಗ ಊರ ಹಿರಿಯರು ಕೂತು ಒಂದು ತೀರ್ಮಾನ ಮಾಡಿದ್ದರು: ಬರುವ ಹಿಂಗಾರಿಗೆ ಆ ಹೊಲ ಹಸನಾಗಿ ಜೋಳ ಬಿತ್ತಿದರೆ ಅದು ಅಕ್ಕನ ಬದುಕಿಗೆ, ಬೀಳಾಗಿಯೇ ಉಳಿದರೆ ಕಾಕಾನ ಪಾಲಿಗೆ. ಅಪ್ಪನ ಎತ್ತುಗಳಿಗೆ ಆ ಕಂಟಿ ಜಗ್ಗುವ ಮಾತೇ ಇರಲಿಲ್ಲ.

ಆ ಬೇಸಿಗೆ ಶಿರಹಟ್ಟಿಯಲ್ಲಿ ಸರ್ಕಾರದ ಟ್ರ್ಯಾಕ್ಟರು ಬೀಡು ಬಿಟ್ಟಿದೆ, ಬೀಳು ಹೊಲ ಒಡೆದು ಕೊಡುತ್ತದೆ ಎಂಬ ಖಬರು ಬಂತು. ನಾನು ಮುಲ್ಕಿ ಪರೀಕ್ಷೆ ಪಾಸಾದವನು, ಮರಾಠಿಯನ್ನೂ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಹೋಗಿ ಹೆಸರು ಹಚ್ಚಿ ಬಂದೆ. ಅಲ್ಲಿಯ ಸಾಹೇಬ ಮರಾಠಿಯಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟ. ಟ್ರ್ಯಾಕ್ಟರಿಗೆ ಕಟ್ಟುವ ಮೂರು ಸಾಮಾನಿನ ಚಿತ್ರ ಅದರಲ್ಲಿತ್ತು: ಒಂದೇ ದೊಡ್ಡ ಕುಳದ ನೇಗಿಲು ಅಂದರೆ ರಂಟಿ, ಉಕ್ಕಿನ ದುಂಡು ತಟ್ಟೆಗಳ ರಂಟಿ, ಇನ್ನೊಂದು ಬರೀ ಬಾಗಿದ ಹಲ್ಲುಗಳ ಚೌಕಟ್ಟು. ಒಂದನ್ನು ಆರಿಸಿ ಹೇಳಿಕಳಿಸಬೇಕು.

ಮನೆಯಲ್ಲಿ ಹಾಳೆ ಹರಡಿ ನಾನು ಓದಿ ಹೇಳುತ್ತಿದ್ದೆ. ಅಕ್ಕ ರೊಟ್ಟಿ ಹಿಟ್ಟಿನ ಬೆರಳನ್ನೇ ಹಲ್ಲಿನ ಚಿತ್ರದ ಮೇಲೆ ಇಟ್ಟಳು.

"ಇದನ್ನ ಹೇಳು. ಇದು ಬುಡಾ ಹಿಡದು ಎಬ್ಬಸ್ತೈತಿ. ಆ ತಟ್ಟಿ ಬರೇ ಕೊಯ್ತಾವು. ಕೊಯ್ದ ಬಾರಿ ದುಪ್ಪಟ್ಟು ಚಿಗೀತೈತಿ."

"ಓದಾಕ ಬರೂದಿಲ್ಲ, ಚಿತ್ರಾ ನೋಡಿ ನನಗ ಹೇಳ್ತಿಯೇನು?" ಎಂದೆ. ಸೌದೆಗೆ ಬಾರಿ ಕಡಿದು ಕೈತುಂಬ ಮುಳ್ಳಿನ ಗಾಯ ಮಾಡಿಕೊಂಡವಳು ಆಕೆ, ನಾನಲ್ಲ. ಆದರೂ ಶಿರಹಟ್ಟಿಯಲ್ಲಿ ಆ ತಟ್ಟೆಗಳು ಬಿಸಿಲಿಗೆ ಥಳಥಳ ಹೊಳೆಯುವುದನ್ನು ನೋಡಿದ್ದೆ. ಪಕ್ಕದಲ್ಲಿ ಬಿದ್ದಿದ್ದ ಹಲ್ಲಿನ ಸಾಮಾನು ತುಕ್ಕು ಹಿಡಿದು ಬಡಪಾಯಿಯಂತಿತ್ತು. ತಟ್ಟೆಯನ್ನೇ ಹೇಳಿ ಬಂದೆ.

ನಮ್ಮ ಸರದಿ ಎರಡು ದಿನ: ರವಿವಾರ, ಸೋಮವಾರ. ಖುಷಿಯಲ್ಲಿ ವಾರಗಳ ಕಡೆ ನನ್ನ ಲಕ್ಷ್ಯವೇ ಹೋಗಲಿಲ್ಲ. ಒಂದೇ ದಿನಕ್ಕೆ ಮುಗಿಯುತ್ತದೆ ಎಂದು ಅಪ್ಪನೂ ಸುಮ್ಮನಿದ್ದ.

ರವಿವಾರ ಮುಂಜಾನೆ ಮಿರಜ ಕಡೆಯ ಡ್ರೈವರು ಟ್ರ್ಯಾಕ್ಟರು ತಂದ. ಊರೆಲ್ಲ ಬದುವಿನ ಮೇಲೆ ನಿಂತಿತು. ತಟ್ಟೆಗಳು ಕಂಟಿಯ ಮೇಲೆ ಹತ್ತಿ ಇಳಿದವು, ರೆಂಬೆ ಮುರಿದವು, ಹತ್ತು ಮಾರು ಹೋಗುವುದರೊಳಗೆ ಸಂದಿಯಲ್ಲೆಲ್ಲ ಮುಳ್ಳು ಸಿಕ್ಕು ಗಾಡಿ ನಿಂತಿತು. ಇಳಿದು ಕೊಡಲಿಯಿಂದ ಬಿಡಿಸಬೇಕು, ಮತ್ತೆ ಹತ್ತು ಮಾರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಎಕರೆಯೂ ಆಗಿರಲಿಲ್ಲ, ಆದದ್ದರಲ್ಲೂ ಬುಡಗಳೆಲ್ಲ ನೆಲದಲ್ಲೇ ಕೂತು ನನ್ನನ್ನು ಅಣಕಿಸುತ್ತಿದ್ದವು. ಅಕ್ಕ ಕೊಡಲಿ ಇಸಿದುಕೊಂಡು ತಾನೇ ಮುಳ್ಳು ಬಿಡಿಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಡ್ರೈವರು ಒಳ್ಳೆಯವನು. "ಹಲ್ಲಿನದು ತರ್ತೀನಿ, ನಾಳಿ ಒಂದ ದಿನದಾಗ ಪೂರಾ ಹೊಲ ಎಬ್ಬಸಿ ಕೊಡ್ತೀನಿ" ಎಂದು ಶಿರಹಟ್ಟಿಗೆ ಹೋಗಿ ಸಂಜೆಗೆ ಅದನ್ನು ಕಟ್ಟಿಕೊಂಡು ಬಂದ. ನನಗೆ ಹೋದ ಜೀವ ಬಂದಂತಾಯಿತು. ಆಗ ಅಪ್ಪ ಬಾಯಿ ತೆಗೆದ.

"ನಾಳೆ ಸೋಮವಾರ."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅಪ್ಪ ಜೀವಮಾನದಲ್ಲಿ ಅದನ್ನು ಮುರಿದವನಲ್ಲ.

"ಅಪ್ಪಾ, ಇದಕ್ಕ ಎತ್ತು ಎಲ್ಲೈತಿ? ಎಣ್ಣಿ ಕುಡಿಯೂ ಯಂತ್ರ ಇದು!"

"ಕುಡೀತೈತಿ, ಉಸರ ಬಿಡತೈತಿ, ದಣದ್ರ ಮೈ ಬಿಸಿ ಆಗತೈತಿ. ಇನ್ನೇನ ಬೇಕು? ಕಟ್ಟಿ ಎಳಸೂದು ಅಂದ್ರ ಎಳಸೂದ. ಸೋಮವಾರ ನನ್ನ ಹೊಲದಾಗ ಏನೂ ಎಳಿಯಂಗಿಲ್ಲ."

ಇದು ರಂಟಿಯೇ ಅಲ್ಲ, ಬರೀ ಹಲ್ಲು ಎಂದೆ. ಸೋಮವಾರ ಕುಂಟೆಯನ್ನೂ ಹೂಡುವುದಿಲ್ಲ, ಇದನ್ನೂ ಹೂಡುವುದಿಲ್ಲ ಎಂದ. ಮಂಗಳವಾರ ಇದು ಸಿಂಗಟಾಲೂರಿಗೆ ಹೋಗುತ್ತದೆ, ಮತ್ತೆ ನಮಗೆ ಸಿಗುವುದಿಲ್ಲ ಎಂದು ಕೂಗಾಡಿದೆ. ಕಾಲಿಗೂ ಬಿದ್ದೆ. ಗೋಡೆಗೆ ಹೇಳಿದರೂ ಒಂದು ಪದರು ಉದುರುತ್ತಿತ್ತು.

ಸೋಮವಾರ ಅವ್ವ ಟ್ರ್ಯಾಕ್ಟರಿನ ಗಾಲಿಗೆ ನೀರು ಹಾಕಿ, ಮೂತಿಗೆ ವಿಭೂತಿ ಹಚ್ಚಿದಳು. ಡ್ರೈವರು ಬೇವಿನ ಗಿಡದ ಕೆಳಗೆ ಗೊರಕೆ ಹೊಡೆದ. ಎತ್ತುಗಳು ಗೋದಲಿಯ ಮುಂದೆ ಮೆಲುಕು ಹಾಕುತ್ತಿದ್ದವು. ಸಿಟ್ಟು ತಡೆಯದೆ ಹೊಲಕ್ಕೆ ಹೋದೆ. ಅಲ್ಲಿ ಅಕ್ಕ ಆಗಲೇ ಗುದ್ದಲಿ ಹಿಡಿದು ಒಂದು ಬುಡದ ಸುತ್ತ ಅಗೆಯುತ್ತಿದ್ದಳು. ನಾನೂ ಕೈ ಹಚ್ಚಿದೆ. ಹೊತ್ತು ಏರುವವರೆಗೆ ನಾಲ್ಕು ಬುಡ ಕಿತ್ತೆವು. ಅಪ್ಪ ಬುತ್ತಿ ತಂದು ಬದುವಿನ ಮೇಲಿಟ್ಟು, ಅಕ್ಕನ ರಕ್ತ ಬಂದ ಅಂಗೈ ನೋಡಿ, "ಸಾವಕಾಶ ಮಾಡವ್ವಾ" ಎಂದ.

"ಎತ್ತಿಗೆ ಸೋಮವಾರ ಸೂಟಿ, ಅಕ್ಕಗ ಯಾವ ವಾರ ಸೂಟಿ, ಅಪ್ಪಾ?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಿದ. ಪ್ರಶ್ನೆಯೇ ತಿಳಿಯದವನ ಹಾಗೆ ನೋಡಿದ. ಖರೆ ಹೇಳುತ್ತೇನೆ, ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

ಮಂಗಳವಾರ ಟ್ರ್ಯಾಕ್ಟರು ಹೋಯಿತು. ಮಳೆ ಬಿದ್ದ ಮೇಲೆ ತಟ್ಟೆ ಕೊಯ್ದ ಕಂಟಿಯೆಲ್ಲ ಅಕ್ಕ ಹೇಳಿದಂತೆಯೇ ದುಪ್ಪಟ್ಟು ಚಿಗುರಿತು. ಹಿಂಗಾರಿ ಬಂದಾಗ ನಮ್ಮ ಕೈಯಿಂದ ಹಸನಾದದ್ದು ಜೋಳ ಒಕ್ಕುವ ಒಂದು ಕಣದಷ್ಟು ಜಾಗ. ಹೊಲ ಕಾಕಾನ ಪಾಲಿಗೆ ಹೋಯಿತು.

ಕಾಕಾ ಆಳು ಹಚ್ಚಿ ಎರಡು ಬೇಸಿಗೆಯಲ್ಲಿ ಅದನ್ನು ಹಸನು ಮಾಡಿಸಿದ. ಏಕೀಕರಣವಾಗಿ ಲಕ್ಷ್ಮೇಶ್ವರದ ಪೇಟೆಯಲ್ಲಿ ಪೇಡೆ ಹಂಚಿದ ವರ್ಷ ಅಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಕಾಕಾನೂ ಅಪ್ಪನ ತಮ್ಮನೇ, ವಾರ ಮುರಿಯುವವನಲ್ಲ. ಎತ್ತುಗಳಿಗೆ ಬಿಡುವಿರುವ ದಿನವೇ ಹೆಂಗಸರ ಕೈಯಿಂದ ಕಳೆ ತೆಗೆಸುತ್ತಿದ್ದ. ಪ್ರತಿ ಸೋಮವಾರ ಮುಂಜಾನೆ ನಮ್ಮ ಬಾಗಿಲಿಗೆ ಬಂದು ಅಕ್ಕನನ್ನು ಕೂಗುತ್ತಿದ್ದ. ಅವಳು ಸೆರಗು ಕಟ್ಟಿಕೊಂಡು, ಕಳೆ ತೆಗೆಯುವ ಕುರ್ಚಿಗಿ ಹಿಡಿದು, ಕೂಲಿಗೆ ಆ ಹೊಲಕ್ಕೆ ಹೋಗುತ್ತಿದ್ದಳು.